ಒಂದು ಬಶಿ ಚಹಾದಷ್ಟು ಮಾತು

ಮೊದಲು ದನಿ ಒಡೆಯಿತು.

ಜತ್ತ ಸಂಸ್ಥಾನ ವಿಲೀನವಾದ ಮರುವರ್ಷ, ಸುಗ್ಗಿ ಮುಗಿದಿತ್ತು. ಶೇಗಾಂವದ ಚಾವಡಿಯಲ್ಲಿ ಕುಳಿತು ಯಾರ ಹೊಲದಲ್ಲಿ ಯಾವಾಗ ಕುರಿ ನಿಲ್ಲಿಸಬೇಕೆಂದು ಪಾಳಿ ಹೇಳುತ್ತಿದ್ದೆ. ಕುರಿಹಿಂಡು ಮಲಗೆದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಅದಕ್ಕಾಗಿ ರೈತರು ಪ್ರತಿವರ್ಷ ಕಚ್ಚಾಡುತ್ತಾರೆ, ಪ್ರತಿವರ್ಷ ನಾನು ಗದರಿಸಿ ತೀರಿಸುತ್ತಿದ್ದೆ. ಆ ದಿನ ಗದರಿಸಲು ಬಾಯಿ ತೆರೆದರೆ ಸೀಳಿದ ಬಿದಿರಿನ ಸಪ್ಪಳ ಬಂತು. ಯಾರೋ ನಕ್ಕರು.

ನಾನು ಬೆಳಕು ಹರಿಯುವ ಮೊದಲೇ ಎದ್ದು, ಸ್ನಾನ, ಲಿಂಗಪೂಜೆ ಮುಗಿಸಿ, ಹೊತ್ತಿಗೆ ಸರಿಯಾಗಿ ಚಾವಡಿಗೆ ಹೋಗುವವನು. ಊಟಕ್ಕೊಂದು ಹೊತ್ತು, ನಿದ್ದೆಗೊಂದು ಹೊತ್ತು. ರೋಗಕ್ಕೆ ಹೊತ್ತು ಇಟ್ಟಿರಲಿಲ್ಲ. ಜ್ಯೇಷ್ಠಮಧು ಅಗಿದೆ, ಉಪ್ಪುನೀರು ಮುಕ್ಕಳಿಸಿದೆ. ದನಿ ಬರಲಿಲ್ಲ.

ಮಿರಜಿನ ದವಾಖಾನೆಯಲ್ಲಿ ಗಂಟಲೊಳಗೆ ಸಣ್ಣ ಕನ್ನಡಿ ಇಳಿಸಿ ನೋಡಿದರು. ವೋಕಲ್ ಕಾರ್ಡ್, ಅಂದರೆ ಧ್ವನಿತಂತುವಿನ ಮೇಲೆ ಗಂಟು. ಆಪರೇಶನ್ ಆಯಿತು. ಡಾಕ್ಟರು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು: ಗಾಯ ಮಾಯುವವರೆಗೆ ಒಂದು ಶಬ್ದವೂ ಆಡಬೇಡಿ, ಗಂಟು ಮತ್ತೆ ಬೆಳೆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ.

ಅಂದರೆ ಸಾಯುವತನಕ ಮೂಕ.

ಊರಿಗೆ ಬಂದೆ. ಹಿಂದೆಯೇ ಮಂದಿ ಬಂದರು. ನಮ್ಮ ಕಡೆ ಬೇನೆಬಿದ್ದವನನ್ನು ನೋಡಲು ಬಂದವರು ಅವನ ಬಾಯಿಂದಲೇ ಮೊದಲಿನಿಂದ ಕಡೆಯತನಕ ಕಥೆ ಕೇಳಿ ಏಳುವ ರೂಢಿ. ಹೇಳದಿದ್ದರೆ ಅವರಿಗೆ ಅವಮಾನ. ಸೋನ್ಯಾಳದ ಬೀಗರು ಬಂದರು, ಬಿಳೂರಿನ ವ್ಯಾಪಾರಸ್ಥರು ಬಂದರು. "ಹ್ಯಾಂಗ ಸುರು ಆತ್ರಿ ಕಾಕಾ?" ಮಾತಾಡಬಾರದೆಂದು ಡಾಕ್ಟರು ಹೇಳಿದ್ದನ್ನು ನಾನು ಬಂದವರಿಗೆಲ್ಲ ಬಾಯಿಬಿಟ್ಟು ವಿವರಿಸಿದೆ. ಅವರು ತಲೆದೂಗಿದರು. "ಬರೋಬ್ಬರಿ ಹೇಳ್ಯಾರ್ರಿ. ಮಾತಾಡಬ್ಯಾಡ್ರಿ. ಮತ್ತ ಊಟಾ ಹ್ಯಾಂಗ ಮಾಡ್ತೀರಿ?"

ಒಂದು ಮುಂಜಾನೆ ಉಗುಳಿದರೆ ರಕ್ತ.

ಮತ್ತೆ ಮಿರಜ. "ನಿಮಗೆ ದನಿ ಬೇಕೋ, ಮಂದಿ ಬೇಕೋ?" ಎಂದು ಡಾಕ್ಟರು ಕೂಗಿದರು. ನನ್ನನ್ನು ಹಾಗೆ ಗದರಿಸಿದವರು ಅಲ್ಲಿಯತನಕ ಯಾರೂ ಇರಲಿಲ್ಲ. ಬಹಳ ದಿನ ಅಲ್ಲಿಯೇ ಮಲಗಿಸಿಕೊಂಡು, ಕಡೆಗೆ ಇಷ್ಟು ಸಡಿಲ ಬಿಟ್ಟರು: ದಿನಕ್ಕೊಮ್ಮೆ, ಚಹಾ ಕುಡಿಯುವಷ್ಟು ಹೊತ್ತು, ಮೆಲ್ಲನೆಯ ದನಿಯಲ್ಲಿ. ಯಾರ ಜೊತೆ ಎಂಬುದನ್ನು ನೀವೇ ಆರಿಸಿಕೊಳ್ಳಿ.

ಆರಿಸುವುದು ಕಷ್ಟವಾಗಲಿಲ್ಲ. ಉಳಿದವರಿಗೆಲ್ಲ ಪಾಟಿಯ ಮೇಲೆ ಬರೆದು ತೋರಿಸಬಹುದು, ಓದಲಾರದವನಿಗೆ ಪಕ್ಕದವನು ಓದಿ ಹೇಳುತ್ತಾನೆ. ನನ್ನ ಹೆಂಡತಿ ಗಂಗವ್ವನಿಗೆ ಅಕ್ಷರ ಬರುವುದಿಲ್ಲ. ಹಗಲೆಲ್ಲ ನನ್ನ ಕೈಸನ್ನೆ ನೋಡಿ, ಕಂಬಳಿ ಕೇಳಿದರೆ ನೀರು ತರುತ್ತಿದ್ದಳು. ನಾನು ಚಂಬನ್ನು ಸಿಟ್ಟಿನಿಂದ ನೂಕುತ್ತಿದ್ದೆ. ಅವಳು ನೆಲ ಒರೆಸುತ್ತಿದ್ದಳು.

ಮೊದಲ ಸಂಜೆ ಅವಳು ಬಶಿಗೆ ಚಹಾ ಸುರಿದು ಎದುರು ಕುಳಿತಳು. ಊರಿಗೆಲ್ಲ ತೀರ್ಪು ಹೇಳಿದವನಿಗೆ ಏನು ಮಾತಾಡಬೇಕೆಂದು ತಿಳಿಯಲಿಲ್ಲ. "ಎಮ್ಮಿ ಹಾಲ ಚಲೋ ಕೊಡತೈತೇನು?" ಎಂದೆ.

"ಎಮ್ಮಿ ಮಾರಿ ಎರಡ ವರ್ಷ ಆತ್ರಿ," ಎಂದಳು. ಸೆರಗು ಬಾಯಿಗಿಟ್ಟು ನಕ್ಕಳು.

ಮರುವಾರ, ಅದೇ ಹೊತ್ತಿಗೆ, ನನ್ನ ತಮ್ಮ ಬಸಪ್ಪ, ಕುರುಬರ ಬೀರಪ್ಪನನ್ನು ಕರೆದುಕೊಂಡು ಒಳನುಗ್ಗಿದ. ಕುರಿಪಾಳಿಯ ಜಗಳ.

"ಅಣ್ಣಾ, ಒಂದಽ ಮಾತು. ಲಗೂನ ಹೇಳಿಬಿಡು."

ನಾನು ಪಾಟಿಯ ಮೇಲೆ ಬರೆದೆ: ಇನ್ನು ಪಾಳಿ ನೀನೇ ಹೇಳು.

ಅವನು ಓದಿ ಹೇಳಿದ. ಬೀರಪ್ಪ ಒಪ್ಪಲಿಲ್ಲ. "ಬರದದ್ದು ನಮಗೇನ ತಿಳೀತದ್ರಿ? ಯಜಮಾನ್ರ ಬಾಯಿಲೆ ಅಂದ್ರ ನಾ ಕುರಿ ಹೊಡೀತೀನಿ. ಇಲ್ಲಾಂದ್ರ ಇಲ್ಲ."

ಗಂಗವ್ವ ಎದ್ದಳು. "ಆ ಬಾಯಿ ಹರದು ರಕ್ತ ಬಂದಾಗ ಎಲ್ಲಿದ್ದಿ? ಹೊರಗ ನಡೀರಿ ಇಬ್ಬರೂ. ಕಸಬರಗಿ ಕೈಯಾಗ ತೊಗೊಳ್ಳಾಕ ಹಚ್ಚಬ್ಯಾಡ್ರಿ."

"ಊರ ಹೊಡದಾಡಿ ಸಾಯಲಿ," ಎಂದ ಬಸಪ್ಪ, "ಅಣ್ಣಗ ವೈನಿ ಕೂಡ ಚಹಾ ಕುಡಿಯೂದಽ ದೊಡ್ಡದಾತು."

ಪಾಟಿ ಒರೆಸಿ ಬರೆದೆ: ಹೌದು.

ಅವನು ಅದನ್ನು ಗಟ್ಟಿಯಾಗಿ ಓದಲಿಲ್ಲ. ಬಾಗಿಲು ಬಡಿದು ಹೋದ. ಆ ವರ್ಷ ಎರಡು ಹೊಲಗಳಿಗೆ ಕುರಿ ನಿಲ್ಲಲಿಲ್ಲ, ಮೂರು ಮನೆಯವರು ನಮಗೆ ಮುಖ ತಿರುವಿದರು. ತಿರುವಲಿ. ನನ್ನ ಗಂಟಲು ಹರಿಯುವತನಕ ಕಥೆ ಕೇಳಿ, ಬಾಳೆಹಣ್ಣು ಇಟ್ಟು ಎದ್ದು ಹೋದವರ ಮೇಲಿನ ಸಿಟ್ಟು ನನಗೆ ಇನ್ನೂ ಆರಿಲ್ಲ. ಆರಬೇಕೆಂಬ ಅವಸರವೂ ಇಲ್ಲ. ಈಗ ಚಾವಡಿಯಲ್ಲಿ ಬಸಪ್ಪ ಕೂಡುತ್ತಾನೆ. ಕೆಟ್ಟದಾಗಿ ಹೇಳುತ್ತಾನೆ, ಆದರೂ ಜನ ಕೇಳುತ್ತಾರೆ.

ಗಂಟು ಮತ್ತೆ ಬಂದಿಲ್ಲ. ಬರುವುದಿಲ್ಲ ಎಂದು ಡಾಕ್ಟರು ಹೇಳಿಲ್ಲ. ಒಂದು ವೇಳೆ ಬಂದರೆ ಗಂಗವ್ವ ನನ್ನ ಕೈಸನ್ನೆ ನೋಡುತ್ತ ಬದುಕಬೇಕಲ್ಲ ಎಂದು ಕಳೆದ ತಿಂಗಳು ಒಂದು ಸಂಜೆ ಪಾಟಿಯ ಮೇಲೆ ದೊಡ್ಡದಾಗಿ "ಅ" ಬರೆದು ಅವಳ ಮುಂದಿಟ್ಟೆ.

"ಕಲಿ," ಎಂದೆ. "ನಾಳೆ ದನಿ ಹೋದರ ಬೇಕಾಗತೈತಿ."

ಅವಳು ಅಕ್ಷರದ ಮೇಲೆ ಬೆರಳಾಡಿಸಿದಳು. ಆಮೇಲೆ ಪಾಟಿಯನ್ನು ನನ್ನ ಕಡೆಗೆ ಸರಿಸಿದಳು.

"ಒಲ್ಲೆರಿ. ಕಲತರ ನನ್ನ ಕೂಡಾನೂ ಇದರ ಮ್ಯಾಲೆ ಮಾತಾಡ್ತೀರಿ."

ಸಿಟ್ಟು ಬಂತು. ಗದರಿಸಲು ಬಾಯಿ ತೆರೆದೆ, ಮುಚ್ಚಿದೆ. ಪಾಟಿಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ.

ಬಶಿಯಲ್ಲಿ ಚಹಾ ಇನ್ನೂ ಅರ್ಧ ಇತ್ತು.