ಕೆಂಡ ತರಲು ಕಳಿಸುತ್ತಿದ್ದ ಆಯಿ

೧೯೪೬ ಮಾರ್ಚ್ ೮, ಶುಕ್ರವಾರ. ಬೆಳಿಗ್ಗೆ ಒಂಬತ್ತು ಗಂಟೆ, ರಾಯಚೂರು. ಇವತ್ತು ಶಾಲೆಗೆ ರಜೆ; ಪತ್ರಿಕೆಗೆ ಇದನ್ನು ಬರೆಯಲು ಕೂತಿದ್ದೇನೆ.

ಆಯಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಜಾಗದಲ್ಲಿ ಚರ್ಮ ಹುಣಸೆ ಬೀಜದಂತೆ ನುಣ್ಣಗೆ ಹೊಳೆಯುತ್ತಿತ್ತು. ಚಿಕ್ಕಂದಿನಲ್ಲಿ ಕೆಂಡ ಹಿಡಿದು ಓಡಿದ್ದರ ಗುರುತು ಅದು ಎನ್ನುತ್ತಿದ್ದಳು. ದೇವದುರ್ಗದಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡೇ ಅವಳ ಮನೆ. ಮಾನ್ವಿಯಿಂದ ಬಂದ ಒಂಟಿ ಮುದುಕಿ. ಅಲ್ಲಿಯೂ ಹತ್ತಾರು ಮಕ್ಕಳನ್ನು ಆಡಿಸಿ ಬೆಳೆಸಿದವಳಂತೆ. ನಮ್ಮವ್ವ ಹತ್ತಿ ಬಿಡಿಸಲು ಹೋದ ದಿನ ನನ್ನ ತಂಗಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು.

ಎರಡು ವರ್ಷದ ಹಿಂದಿನ ಮಾತು, ತಂಗಿಗೆ ಆಗ ನಾಲ್ಕು ವರ್ಷ. ಕೇಳಿದ್ದು ಕೂಡಲೇ ಸಿಗದಿದ್ದರೆ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಪ್ರತಿ ಸಲಕ್ಕೂ ನಾನು ದಿನಚರಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಅವ್ವ ಹೊಡೆದ ದಿನ ಗೆರೆಗಳು ಇನ್ನೂ ಹೆಚ್ಚಾಗುತ್ತಿದ್ದವು.

ಆಯಿ ಹೊಡೆಯಲಿಲ್ಲ. ಅಳು ಇಳಿಯುವವರೆಗೆ ಪಕ್ಕದಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. "ಸಿಟ್ಟು ಬಂದದಲ್ಲಾ, ಬರ್ಲಿ. ಅದರ ಕೈಯಾಗ ನಿನ್ನ ಕೈ ಕೊಡಬ್ಯಾಡ" ಎನ್ನುತ್ತಿದ್ದಳು. ಆಮೇಲೆ ಒಂದು ಕೆಲಸ ಹಚ್ಚುತ್ತಿದ್ದಳು. ತಂಬಿಗೆ ತುಂಬ ನೀರು ಹಿಡಿದು, ಚೆಲ್ಲದಂತೆ ಓಣಿಯ ತುದಿ ಮುಟ್ಟಿ ಬರಬೇಕು. ಎಷ್ಟೋ ತಿಂಗಳು ಬರೀ ನೀರು.

ಕಡೆಗೆ ಕೆಂಡ. ಯುದ್ಧದ ಕಾಲ, ಕಡ್ಡಿಪೆಟ್ಟಿಗೆ ಸಿಗುವುದೇ ಕಷ್ಟ. ಒಲೆ ಹೊತ್ತಿಸಲು ನೆರೆಮನೆಯಿಂದ ಕೆಂಡ ತರುತ್ತಿದ್ದರು. ಒಡೆದ ಗಡಿಗೆಯ ಚೂರಿನಲ್ಲಿ ಬೂದಿ ಹಾಸಿ ತಂಗಿಯ ಕೈಗೆ ಕೊಟ್ಟು, ನಮ್ಮ ಒಲೆಯಿಂದ ಕೆಂಡ ತರಲು ಕಳಿಸಿ, ತಾನೂ ಹಿಂದೆಯೇ ಬರುತ್ತಿದ್ದಳು.

"ಕಡ್ಡಿ ಉಳಸಾಕ ನನ್ನ ಮಗಳ್ನ ಸುಡ್ತಿಯೇನಬೇ?" ಎಂದಳು ಅವ್ವ.

"ನಿನ್ನ ಮಗಳೇ ಬೆಂಕಿ. ಕೆಂಡ ಅಕಿನ್ನೇನು ಸುಡತದ?" ಎಂದು ನಕ್ಕು, ಆಯಿ ತಂಗಿಯ ಕಡೆ ತಿರುಗಿದಳು. "ಓಡಿದ್ರ ಬೀಳತದ, ನಿಂತ್ರ ಆರತದ. ತಡಿ, ಸ್ವಲ್ಪ ತಡಿ. ಈಗ ನಡಿ."

ಆ ವರ್ಷದ ದೀಪಾವಳಿಯ ಹೊತ್ತಿಗೆ ನನ್ನ ದಿನಚರಿಯಲ್ಲಿ ಗೆರೆಯಿಲ್ಲದ ದಿನಗಳೇ ಹೆಚ್ಚಾದವು. ತಂಗಿ ಸಿಟ್ಟು ಬಂದಾಗ ಮುಷ್ಟಿ ಬಿಗಿದು, ತನಗೆ ತಾನೇ "ತಡಿ" ಎಂದುಕೊಳ್ಳುತ್ತಿದ್ದಳು.

ಕಳೆದ ಮೇ ೧೭, ಗುರುವಾರ. ನಸುಕಿನಿಂದ ಆಯಿಗೆ ವಾಂತಿ ಭೇದಿ. ಔಷಧ ಕೊಡುವವರು ಬಂದು ನೋಡಿ, ಹನಿ ನೀರೂ ಕೊಡಕೂಡದು, ಕೊಟ್ಟರೆ ಜೀವ ಉಳಿಯದು ಎಂದರು. ಓಣಿಯ ಹಿರಿಯರೂ ಅದನ್ನೇ ಹೇಳಿದರು. ಅವ್ವ ಅವಳ ಬಟ್ಟೆ ಒಗೆಯಲು ಹೋದಳು. ಔಷಧದ ಪುಡಿ ತರಲು ನನ್ನನ್ನು ಕಳಿಸಿದರು. ಆಯಿಯ ಬಳಿ ತಂಗಿಯೊಬ್ಬಳೇ ಉಳಿದಳು.

ನಾನು ಬಂದಾಗ ಆಯಿ ಚಾಪೆಯಿಂದ ಕೈ ಚಾಚಿದ್ದಳು. ನೀರಿನ ತಂಬಿಗೆ ಅವಳಿಗೆ ಎಟುಕದಂತೆ ತಂಗಿ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಒಂದು ಹನಿಯೂ ಚೆಲ್ಲಿರಲಿಲ್ಲ. ಕಣ್ಣೀರು ಮಾತ್ರ ಗಲ್ಲದಿಂದ ಇಳಿಯುತ್ತಿತ್ತು.

"ನೀರು ಕೊಡು, ಕೂಸ."

"ತಡಿ ಆಯಿ. ಸ್ವಲ್ಪ ತಡಿ."

ಆಯಿ ಅವಳನ್ನು ನೋಡಿದಳು. ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, "ಜಾಣ ಕೂಸು, ಶಾಣ್ಯಾಕಿ" ಎಂದಳು. ದನಗಳು ಮನೆಗೆ ಮರಳುವ ಹೊತ್ತಿಗೆ ತೀರಿಕೊಂಡಳು.

ಜೂನ್‌ನಿಂದ ನಾನು ಓದಲು ಇಲ್ಲಿಗೆ ಬಂದಿದ್ದೇನೆ. ಹೋದ ವಾರ ಇಲ್ಲಿನ ಡಾಕ್ಟರೊಬ್ಬರು, ಇಂಥ ಬೇನೆಯಲ್ಲಿ ಮೈಯ ನೀರೆಲ್ಲ ಹೋಗಿಯೇ ಜೀವ ಹೋಗುವುದು, ಕಾಯಿಸಿದ ನೀರು ಕೊಡುತ್ತಲೇ ಇರಬೇಕು ಎಂದರು. ಕೊಟ್ಟಿದ್ದರೆ ಆಯಿ ಬದುಕುತ್ತಿದ್ದಳೇ ಎಂದು ಕೇಳಿದೆ. ಹೇಳಲಾಗದು ಎಂದರು.

ಊರಿಗೆ ಹೋದಾಗಲೆಲ್ಲ ತಂಗಿ, "ಅಣ್ಣಾ, ಆಯಿ ನನಗ ಶಾಣ್ಯಾಕಿ ಅಂದ್ಳಲ್ಲಾ" ಎನ್ನುತ್ತಾಳೆ. ಈಗ ಅವಳಿಗೆ ಆರು ವರ್ಷ.

ಮಾನ್ವಿಯಲ್ಲಿ ಉಗುರಿಲ್ಲದ ಹೆಬ್ಬೆರಳಿನ ಈ ಅಜ್ಜಿಯ ಕೈಯಲ್ಲಿ ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ತಡಿ ಎಂದು ನಿಮಗೂ ಕಲಿಸಿರುತ್ತಾಳೆ. ಎಷ್ಟು ಹೊತ್ತಿನ ತನಕ ಎಂಬುದನ್ನು ಹೇಗೆ ಹೇಳಿಕೊಡುತ್ತಿದ್ದಳು? ತಂಗಿ ದೊಡ್ಡವಳಾಗಿ ಇನ್ಯಾರಿಂದಲೋ ನೀರಿನ ವಿಷಯ ತಿಳಿಯುವ ಮೊದಲು, ಅವಳಿಗೆ ಹೇಳಿಕೊಡಲು ಅದು ನನಗೆ ಬೇಕು.