ದೂರುದಾರರು ಗುರುತಿಸಿ ಸ್ವೀಕರಿಸಿದ ಫೋಟೋ

ಎಪ್ಪತ್ತು ತುಂಬಿತೆಂದು ಮಗಳು ಬಲವಂತದಿಂದ ನನ್ನದೊಂದು ಫೋಟೋ ತೆಗೆಸಿದಳು. ಮೊನ್ನೆ ಅದಕ್ಕೆ ಕಟ್ಟು ಹಾಕಿಸಲು ಧಾರವಾಡದ ಪೇಟೆಗೆ ಹೋಗಿದ್ದೆ. ಅಂಗಡಿಯ ಹೆಣ್ಣುಮಗಳು ಅಳತೆ ಬರೆದುಕೊಳ್ಳುತ್ತ, ತಲೆ ಎತ್ತದೆ, "ಗಂಧದ ಹಾರಾನೂ ಕೂಡಿಸಿ ಕೊಡ್ಲೇನ್ರಿ?" ಎಂದು ಕೇಳಿದಳು. ಆಮೇಲೆ ತಲೆ ಎತ್ತಿ ಫೋಟೋ ನೋಡಿದಳು, ನನ್ನನ್ನು ನೋಡಿದಳು, ನಾಲಿಗೆ ಕಚ್ಚಿಕೊಂಡಳು. "ಇನ್ನೂ ಸ್ವಲ್ಪ ದಿನ ತಡಿಯವ್ವಾ, ನಾ ಇನ್ನೂ ಇಲ್ಲೇ ಅದೇನಿ," ಎಂದೆ. ಇಬ್ಬರೂ ನಕ್ಕೆವು. ಅವಳು ಸ್ವಲ್ಪ ಹೆಚ್ಚೇ ನಕ್ಕಳು, ಪಾಪ.

ನಗುವುದೇನೋ ನಕ್ಕೆ. ಆದರೆ ಮೊಳೆಗೆ ಗೊಂಚಲು ಗೊಂಚಲಾಗಿ ತೂಗುಬಿಟ್ಟಿದ್ದ ಆ ಹಾರಗಳ ವಾಸನೆ ಮೂಗಿಗೆ ಬಡಿದದ್ದೇ ತಡ, ಅಮ್ಮಿನಬಾವಿಯ ಗಂಗವ್ವ ಕಣ್ಣ ಮುಂದೆ ಬಂದು ನಿಂತಳು. ಹಾರ ಹಾಕಿದ ಫೋಟೋ ಎಂದರೇನು ಎಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತೀರಿಕೊಂಡವರಿಗೆ ಹಾಕದೆ ಬಿಡುವುದಿಲ್ಲ, ಬದುಕಿದ್ದವರಿಗೆ ತಪ್ಪಿಯೂ ಹಾಕುವುದಿಲ್ಲ. ನಮ್ಮ ಮನೆಯ ನಡುಮನೆಯಲ್ಲಿ ನನ್ನ ಯಜಮಾನರ ಫೋಟೋ ಇದೆ. ಅವರು ಹೋಗಿ ಆರು ವರ್ಷವಾಯಿತು. ಹಾರದ ಮೇಲೆ ಧೂಳು ಕೂತು ಅವರ ಗದ್ದ ಅರ್ಧ ಮುಚ್ಚಿದೆ. ಪಕ್ಕದಲ್ಲೇ ಮಗಳು ಇನ್ನೊಂದು ಮೊಳೆ ಹೊಡೆದಿಟ್ಟಿದ್ದಾಳೆ, "ನಿಂದು ಅಪ್ಪಾನ ಬಾಜೂಕ ಇರಲಿ" ಎಂದು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗಾಗುತ್ತದೆಂದು ನಾನೇ ಇಷ್ಟು ದಿನ ತಳ್ಳಿಕೊಂಡು ಬಂದಿದ್ದೆ.

ಗಂಗವ್ವನ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ನಾನು ನ್ಯಾಯ ಹೇಳುವ ಕುರ್ಚಿಗೆ ಹೋದ ಕಥೆಯನ್ನು ಹೇಳಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ತೊಂಬತ್ತರ ದಶಕದ ನಡುವೆ ಸರಕಾರದವರು ನನ್ನನ್ನು ಜಿಲ್ಲೆಯ ಗ್ರಾಹಕರ ವೇದಿಕೆಗೆ ಸದಸ್ಯೆಯೆಂದು ನೇಮಿಸಿದರು. ಅಂಗಡಿಯವರು, ಕಂಪನಿಯವರು ಮೋಸ ಮಾಡಿದರೆ ಜನ ವಕೀಲರಿಲ್ಲದೆಯೂ ಬಂದು ದೂರು ಕೊಡಬಹುದಾದ ಸರಕಾರಿ ನ್ಯಾಯಮಂಡಳಿ ಅದು. ಅಧ್ಯಕ್ಷರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ಇನ್ನೊಬ್ಬ ಸದಸ್ಯರ ಜಾಗ ನಾನಿದ್ದಷ್ಟು ಕಾಲವೂ ಖಾಲಿ. ಒಬ್ಬ ಹೆಣ್ಣುಮಗಳು ಇರಲೇಬೇಕೆಂಬ ನಿಯಮವಿತ್ತು, ಆ ಹೆಣ್ಣುಮಗಳು ನಾನು. ಕುರ್ಚಿ ಎಷ್ಟು ಎತ್ತರವಿತ್ತೆಂದರೆ ನನ್ನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಮೇಜಿನ ಮುಂದೆ ಬಟ್ಟೆ ಇಳಿಬಿಟ್ಟಿದ್ದರಿಂದ ನ್ಯಾಯದ ಮಾನ ಉಳಿದಿತ್ತು.

ಬರುತ್ತಿದ್ದ ದೂರುಗಳೋ! ಮೂರೇ ತಿಂಗಳಿಗೆ ಕೆಟ್ಟ ಮಿಕ್ಸರು, ಮೊಳಕೆಯೊಡೆಯದ ಬೀಜ, ಮೊದಲ ಒಗೆತಕ್ಕೇ ಬಣ್ಣ ಬಿಟ್ಟ ಇಳಕಲ್ ಸೀರೆ. ಸೀರೆಯ ಪ್ರಕರಣದಲ್ಲಿ ಅಧ್ಯಕ್ಷರು ನನ್ನ ಕಡೆ ತಿರುಗಿ, "ಇದು ನಿಮ್ಮ ಖಾತೆ ನೋಡ್ರಿ," ಎಂದಿದ್ದರು. ನನಗೆ ಅಂದು ಸಿಟ್ಟೂ ಬಂದಿತ್ತು, ಸಂತೋಷವೂ ಆಗಿತ್ತು.

ಹಾಗಿರುವಾಗ ಒಂದು ದಿನ ಗಂಗವ್ವ ಬಂದಳು. ನಲವತ್ತರ ಆಚೀಚಿನ ಹೆಂಗಸು. ಸೆರಗಿನ ತುದಿಗೆ ಸ್ಟುಡಿಯೋದ ಚೀಟಿ ಗಂಟು ಹಾಕಿಕೊಂಡಿದ್ದಳು. ಅವಳ ಒಬ್ಬಳೇ ಮಗಳು ಶಾಂತಿ, ಏಳನೇ ಇಯತ್ತೆ ಮುಗಿಸಿದ ವರ್ಷವೇ ಜ್ವರ ಬಂದು ನಾಲ್ಕು ದಿನದಲ್ಲಿ ತೀರಿಕೊಂಡಿದ್ದಳು. ಯಾರದೋ ಮದುವೆಯಲ್ಲಿ ತೆಗೆದ ಒಂದೇ ಒಂದು ಸಣ್ಣ ಫೋಟೋ ಉಳಿದಿತ್ತು. ಅದನ್ನು ದೊಡ್ಡದು ಮಾಡಿಸಲೆಂದು ಹಳೇ ಹುಬ್ಬಳ್ಳಿಯ ಓಣಿಯೊಂದರ ಸ್ಟುಡಿಯೋಕ್ಕೆ ಕೊಟ್ಟಿದ್ದಳು. ಅವಳ ತಂಗಿಯ ಮನೆ ಅಲ್ಲೇ ಹತ್ತಿರ. ಸ್ಟುಡಿಯೋದಲ್ಲಿ ಫೋಟೋ ಕಳೆದುಹೋಯಿತು.

ದೂರಿನ ಅರ್ಜಿಯನ್ನು ಊರಿನ ಯಾರೋ ಬರೆದುಕೊಟ್ಟಿದ್ದರು. 'ಕೋರುವ ಪರಿಹಾರ' ಎಂಬ ಕಡೆ ಮೊತ್ತ ಬರೆಯಬೇಕು. ಅಲ್ಲಿ 'ನನ್ನ ಮಗಳ ಫೋಟೋ' ಎಂದಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ತಂಗೀ, ಕಳದ ವಸ್ತು ತಂದು ಕೊಡಾಕ ನಮಗ ಆಗೂದಿಲ್ಲ. ಕಾನೂನು ನಮ್ಮ ಕೈಯಾಗ ಕೊಟ್ಟದ್ದು ರೊಕ್ಕ ಕೊಡಸೂದು ಅಷ್ಟ. ಎಷ್ಟಂತ ಬರೀಲಿ?"

ಗಂಗವ್ವ ಕೈ ಜೋಡಿಸಿದಳು. "ರೊಕ್ಕ ಬ್ಯಾಡ್ರಿ ಸಾಹೇಬ್ರ. ನನಗ ಮಗಳ ಮಾರಿ ಬೇಕ್ರಿ. ಮೊದಲ ಕಣ್ಣ ಮುಚ್ಚಿದ್ರ ಕಾಣ್ತಿದ್ಲು. ಈಗ ಮೂಗು ನೆನಪಾದ್ರ ಕಣ್ಣ ನೆನಪಾಗೂದಿಲ್ಲ, ಕಣ್ಣ ನೆನಪಾದ್ರ ಬಾಯಿ ನೆನಪಾಗೂದಿಲ್ಲ. ಒಂದೊಂದ ಅಳಿಸಿ ಹೊಂಟಾವ್ರಿ."

ಬರೆದುಕೊಳ್ಳುತ್ತಿದ್ದ ನನ್ನ ಪೆನ್ನು ನಿಂತಿತು. ಮಕ್ಕಳಿಗೆ ಕರುಣರಸವೆಂದರೇನೆಂದು ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಹೇಳಿದ್ದೆಲ್ಲ ದಂಡವೆನ್ನಿಸಿತು.

ಸ್ಟುಡಿಯೋದ ಮಾಲೀಕರು ದಸ್ತಗೀರ ಸಾಹೇಬರು, ಅರವತ್ತು ದಾಟಿದವರು. ಅವರ ವಕೀಲರು ತಕರಾರು ಸಲ್ಲಿಸಿದ್ದರು: ಇಂಥ ಫೋಟೋ ಪಡೆದೇ ಇಲ್ಲ, ಪಡೆದಿದ್ದರೂ ಕಳೆದಿಲ್ಲ, ಕಳೆದಿದ್ದರೂ ತಾವು ಹೊಣೆಯಲ್ಲ. ವಕೀಲರು ಇದನ್ನು ಓದಿ ಮುಗಿಸುವ ಮೊದಲೇ ಸಾಹೇಬರು ಹಿಂದಿನ ಬೆಂಚಿನಿಂದ ಎದ್ದು ನಿಂತರು. "ಸಾಹೇಬ್ರ, ವಕೀಲರು ಬರದದ್ದು ವಕೀಲರದು. ಈ ತಾಯಿ ಫೋಟೋ ನನ್ನ ಕೈಯಾಗ ಕೊಟ್ಟಾರ. ದುಕಾನ ಬದಲಿ ಮಾಡೂ ಗದ್ದಲದಾಗ ಪಾಕೀಟು ಎಲ್ಲೋ ಹೋತು. ನನ್ನಿಂದನ ಕಳದೈತಿ," ಎಂದರು. ವಕೀಲರು ಕುಳಿತುಬಿಟ್ಟರು. ಅಧ್ಯಕ್ಷರು ಏನೂ ಬರೆಸದೆ ಮುಂದಿನ ತಾರೀಖು ಕೊಟ್ಟರು.

ಈಗ ನನ್ನ ತಪ್ಪಿಗೆ ಬಂದೆ. ಪೀಠದ ಮೇಲೆ ಕೂತವರು ಕಕ್ಷಿದಾರರ ಜೊತೆ ಹೊರಗೆ ಮಾತಾಡಬಾರದು. ಅದು ನನಗೆ ಗೊತ್ತಿತ್ತು. ಆದರೂ ಮಧ್ಯಾಹ್ನ ಮೆಟ್ಟಿಲ ಬಳಿ ಆ ಮುದುಕರು ತಲೆಗೆ ಕೈಹೊತ್ತು ಕುಳಿತದ್ದು ಕಂಡು ತಡೆಯಲಾಗಲಿಲ್ಲ. ಗಂಗವ್ವ ಅಷ್ಟರಲ್ಲಿ ಊರಿನ ಬಸ್ಸು ಹಿಡಿದಿದ್ದಳು. "ಸಾಹೇಬ್ರ, ಪ್ರತಿ ಸಾಲ್ಯಾಗ ಏಳನೇ ಇಯತ್ತೆ ಮಕ್ಕಳ ಗ್ರೂಪ್ ಫೋಟೋ ತಗಸ್ತಾರ. ಕೆಳಗ ಹೆಸರೂ ಬರದಿರ್ತಾರ. ಅಮ್ಮಿನಬಾವಿ ಸಾಲಿಗೆ ಹೋಗಿ ನೋಡ್ರಿ," ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಅಕ್ಕಾರ, ನೀವು ದೇವರ ಹಂಗ ಬಂದ್ರಿ," ಎಂದರು. ಆ ಮಾತಿನ ಅಮಲು ನನಗೆ ಬಹಳ ದಿನ ಇಳಿಯಲಿಲ್ಲ.

ಸಾಹೇಬರು ಶಾಲೆಗೆ ಹೋದರು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಆ ವರ್ಷದ ಫೋಟೋ ತೂಗುಹಾಕಿತ್ತು. ಎರಡನೆಯ ಸಾಲು, ಎಡದಿಂದ ಐದನೆಯ ಹೆಸರು ಶಾಂತಿಯದು. ಬೆರಳಿಟ್ಟು ಎಣಿಸಿದರು. ಕಡಲೆ ಕಾಳಿನಷ್ಟು ಮುಖ. ಅದನ್ನು ತೆಗೆದವರು ಧಾರವಾಡದ ಬೇರೊಬ್ಬ ಫೋಟೋಗ್ರಾಫರು. ಅವರ ಮನೆಗೆ ಐದಾರು ಸಲ ಅಲೆದು, ತಗಡಿನ ಪೆಟ್ಟಿಗೆಗಳನ್ನೆಲ್ಲ ಹುಡುಕಿಸಿ ನೆಗೆಟಿವ್ ತಂದರು. ದೊಡ್ಡದು ಮಾಡಿ, ಮಸುಕಾದಲ್ಲೆಲ್ಲ ಸಣ್ಣ ಕುಂಚದಿಂದ ತಾವೇ ತಿದ್ದಿದರು. ಇದಕ್ಕೆಲ್ಲ ಮೂರು ತಿಂಗಳು ಹಿಡಿಯಿತು.

ಆ ತಾರೀಖಿನ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಾಹೇಬರು ಪೇಪರಿನಲ್ಲಿ ಸುತ್ತಿದ ಫೋಟೋ ತಂದು ಗಂಗವ್ವನ ಕೈಗೆ ಕೊಟ್ಟರು. ಅವರ ಕೈ ನಡುಗುತ್ತಿತ್ತು. ಅವಳು ಪೇಪರು ಬಿಚ್ಚಿದಳು. ಎರಡು ಜಡೆ ಹಾಕಿ ಮೇಲಕ್ಕೆ ಕಟ್ಟಿದ ಹುಡುಗಿ, ನಗಬೇಕೋ ಬೇಡವೋ ಎಂಬ ಮುಖ. ಗಂಗವ್ವ ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ತಲೆ ಎತ್ತಿ ಸಾಹೇಬರನ್ನು ನೋಡಿದಳು. ಪೀಠದ ಮೇಲೆ ಮುಂದಕ್ಕೆ ಬಾಗಿ ಕುಳಿತಿದ್ದ ನನ್ನನ್ನೂ ನೋಡಿದಳು.

"ಹೌದ್ರಿ," ಎಂದಳು. "ಇಕಿನ ನಮ್ಮ ಶಾಂತಿ."

ಸಾಹೇಬರು ಗೋಡೆಗೆ ಒರಗಿ ಮಗುವಿನಂತೆ ಅತ್ತರು. ಅಧ್ಯಕ್ಷರು ಆದೇಶ ಬರೆಸಿದರು: 'ದೂರುದಾರರು ತಮ್ಮ ಮಗಳ ಭಾವಚಿತ್ರವನ್ನು ಗುರುತಿಸಿ ಸ್ವೀಕರಿಸಿದ್ದಾರೆ. ಪ್ರಕರಣ ಮುಕ್ತಾಯಗೊಳಿಸಲಾಗಿದೆ.' ನಾನು ಕೆಳಗೆ ದೊಡ್ಡದಾಗಿ ಸಹಿ ಮಾಡಿದೆ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಇಡೀ ಸಂಗತಿಯನ್ನು ಯಜಮಾನರಿಗೆ ಮೂರು ಸಲ ಹೇಳಿದೆ. ಎರಡು ಸಲ ಕೇಳಿದರು. ಮೂರನೆಯ ಸಲ, "ಇನ್ನಷ್ಟು ಸಾರು ಹಾಕು," ಎಂದರು.

ದಸ್ತಗೀರ ಸಾಹೇಬರು ಅಲ್ಲಿಂದ ಮುಂದೆ ಪ್ರತಿ ರಂಜಾನಿಗೆ ಸುರಕುಂಬಾ ಪಾಯಸದ ಡಬ್ಬಿ ಹಿಡಿದು ನಮ್ಮ ಮನೆಗೆ ಬರತೊಡಗಿದರು. "ಇಷ್ಟು ವರ್ಷ ಫೋಟೋ ತಗದೆ ಅಕ್ಕಾರ, ಒಂದ ಒಂದು ಫೋಟೋ ಖರೇ ಕೆಲಸಕ್ಕ ಬಂತು," ಎನ್ನುತ್ತಿದ್ದರು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಆ ಕೆಲಸದಲ್ಲಿ ನನ್ನದೂ ಪಾಲಿದೆಯೆಂದು ಅವರು ಹೇಳಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಹೇಳುತ್ತಿದ್ದರು ಕೂಡ.

ಹೊಸ ಶತಮಾನ ಬಂತು, ನನ್ನ ಅವಧಿಯೂ ಮುಗಿದಿತ್ತು. ಗೆಳತಿಯೊಬ್ಬಳ ಮನೆಯ ಗೃಹಪ್ರವೇಶಕ್ಕೆ ಅಮ್ಮಿನಬಾವಿಗೆ ಹೋದವಳು ಗಂಗವ್ವನ ಮನೆ ಕೇಳಿಕೊಂಡು ಹೋದೆ. ಸುಳ್ಳು ಯಾಕೆ ಹೇಳಲಿ, ಅವಳನ್ನು ನೋಡುವುದಕ್ಕಿಂತ ಆ ಫೋಟೋ ನೋಡುವ ಆಸೆ ಹೆಚ್ಚಿತ್ತು. ಗಂಗವ್ವ ಗುರುತು ಹಿಡಿದು, "ಅಯ್ಯ, ಅಕ್ಕಾರು! ಒಳಗ ಬರ್ರಿ, ಬರ್ರಿ," ಎಂದು ಕಂಬಳಿ ಹಾಸಿದಳು. ಗೋಡೆಯ ಮೇಲೆ ಅವಳ ಮಾವನ ಫೋಟೋ ಇತ್ತು, ಹಾರ ಹಾಕಿತ್ತು. ಪಕ್ಕದಲ್ಲಿ ನಮ್ಮ ಶಾಂತಿಯ ಫೋಟೋ. ಗಾಜು ಫಳಫಳ ಎನ್ನುತ್ತಿತ್ತು. ಹಾರ ಇರಲಿಲ್ಲ, ಒಂದು ಹೂವೂ ಇರಲಿಲ್ಲ.

"ಹಾರ ಯಾಕ ಹಾಕಿಲ್ಲ ಗಂಗವ್ವಾ?" ಎಂದೆ.

"ಹಾಕಬಾರದ್ರಿ ಅಕ್ಕಾರ. ಅಕಿ ಬದುಕ್ಯಾಳ."

ದುಃಖದಿಂದ ತಲೆ ಕೆಟ್ಟಿರಬೇಕು ಎಂದುಕೊಂಡೆ. ಗಂಗವ್ವ ನನ್ನ ಮುಖ ನೋಡಿ ಸಣ್ಣಗೆ ನಕ್ಕು, ಪಕ್ಕದಲ್ಲಿ ಬಂದು ಕುಳಿತಳು.

"ಇಕಿ ಶಾಂತಿ ಅಲ್ರಿ. ಇಕಿ ನೀಲಾ. ಶಾಂತಿ ಜೋಡಿ ಒಂದ ಬೆಂಚಿನ್ಯಾಗ ಕೂಡ್ತಿದ್ಲು. ಸಾಲ್ಯಾಗ ಫೋಟೋ ತಗದ ದಿವಸ ಶಾಂತಿ ಇರಲೇ ಇಲ್ರಿ. ಹತ್ತಿ ಬಿಡಸಾಕ ಆಳು ಸಿಗಲಿಲ್ಲಂತ ನಾನ ಹೊಲಕ್ಕ ಕರಕೊಂಡು ಹೋಗಿದ್ದೆ. 'ಅವ್ವಾ, ಇವತ್ತ ಫೋಟೋ ಐತಿ' ಅಂತ ದಾರಿ ತುಂಬ ಅತ್ಲು. ಫೋಟೋ ಎಲ್ಲಿ ಓಡಿ ಹೋಗ್ತೈತಿ, ಮುಂದಿನ ವರ್ಷ ತಗಸಿಕೊಳ್ಳಾಕಿ ನಡಿ, ಅಂತ ಬೈದಿದ್ದೆ."

ನನ್ನ ಕಿವಿ ಬಿಸಿಯಾದವು. ಶಾಲೆಗಳಲ್ಲಿ ಮಕ್ಕಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ನಿಲ್ಲಿಸುತ್ತೇವೆ, ಹೆಸರುಗಳನ್ನು ಆಮೇಲೆ ಅದೇ ಪುಸ್ತಕ ನೋಡಿ ಬರೆಯುತ್ತೇವೆ. ಅಂದು ಯಾರು ಬಂದಿಲ್ಲವೆಂದು ಯಾರು ನೋಡುತ್ತಾರೆ? ಬಾರದವಳ ಹೆಸರಿನ ಮೇಲೆ ಮುಂದಿನವಳ ಮುಖ ಬಂದು ನಿಂತಿತ್ತು. ಮೂವತ್ತು ವರ್ಷ ನಾನೂ ಹಾಗೆಯೇ ಬರೆಸಿದ್ದೆ. ತಿಳಿಯಬೇಕಾದವಳು ನಾನೊಬ್ಬಳೇ ಇದ್ದೆ. ನನಗೇ ತಿಳಿಯಲಿಲ್ಲ.

"ಮತ್ತ ಅವತ್ತ ಯಾಕ ಹೇಳಲಿಲ್ಲ?" ಎಂದೆ. ಸ್ವಲ್ಪ ಗದರಿದಂತೆಯೇ ಕೇಳಿದೆನೇನೋ. ಅಧ್ಯಕ್ಷರು ಬರೆಸಿದ್ದ ವಾಕ್ಯ, ಅದರ ಕೆಳಗಿನ ನನ್ನ ದೊಡ್ಡ ಸಹಿ, ಎಲ್ಲ ನೆನಪಾಗುತ್ತಿತ್ತು.

"ಹ್ಯಾಂಗ ಹೇಳ್ಲಿರಿ? ಆ ಅಣ್ಣಾರ ಕೈ ನಡುಗಾಕತ್ತಿದ್ದು. ಅಲ್ಲ ಅಂದ್ರ ಅವರು ಅಲ್ಲೇ ಬೀಳ್ತಿದ್ರು. ನೀವರೆ ಮ್ಯಾಲೆ ಕುಂತು ನನ್ನ ಬಾಯಿನ ನೋಡಾಕತ್ತಿದ್ರಿ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹೋದಾಕಿ ಹೋದ್ಲು. ಅಲ್ಲ ಅಂದ್ರೂ ಬರ್ತಿರಲಿಲ್ಲ. ಆ ಅಣ್ಣಾರಿಗೆ ಮಾತ್ರ ಹೇಳಬ್ಯಾಡ್ರಿ ಅಕ್ಕಾರ, ನನ್ನಾಣಿ."

ಕೇಳಬಾರದಿತ್ತೋ ಏನೋ, ಕೇಳಿಯೇಬಿಟ್ಟೆ: "ಹಂಗಾರ ಶಾಂತಿ ಮಾರಿ ಪೂರಾ ಮರ್ತು ಹೋತೇನು?"

ಗಂಗವ್ವ ಇಲ್ಲವೆಂದು ತಲೆಯಾಡಿಸಿದಳು. "ನೀಲಾನ್ನ ಸತ್ತೂರಿಗೆ ಕೊಟ್ಟಾರ್ರಿ. ಪಂಚಮಿಗೆ ತವರಿಗೆ ಬಂದ್ರ ಮೊದಲ ಉಂಡಿ ತಗೊಂಡು ಇಲ್ಲಿಗೇ ಬರ್ತಾಳ. ತನ್ನ ಫೋಟೋ ತಾನ ನೋಡಿ ನಗ್ತಾಳ. ಅಕಿ ಅಲ್ಲಿ ಬಾಗಿಲದಾಗ ನಿಂತು ನಕ್ಳಂದ್ರ, ಬಾಜೂಕ ಶಾಂತಿ ನಿಂತದ್ದು ನನಗ ಕಾಣ್ತೈತ್ರಿ. ಮೂಗು, ಕಣ್ಣು, ಬಾಯಿ, ಎಲ್ಲಾ. ಇಬ್ರೂ ಯಾವಾಗ್ಲೂ ಕೂಡೇ ಇರ್ತಿದ್ರಲ್ಲಾ."

ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಮುಂದಿನ ರಂಜಾನಿಗೆ ಸಾಹೇಬರು ಡಬ್ಬಿ ತಂದಾಗ, ಆ ಒಂದು ಫೋಟೋ ಖರೇ ಕೆಲಸಕ್ಕೆ ಬಂತು ಎಂದಾಗ, "ಹೌದ್ರಿ ಸಾಹೇಬ್ರ, ಬಂತು," ಎಂದೆ. ಅದಾಗಿ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಹೇಳಲಿಲ್ಲ. ಆ ಆದೇಶವನ್ನು ಈಗ ಯಾರಾದರೂ ತಂದು ತಪ್ಪಿದ್ದಲ್ಲಿ ತಿದ್ದಿ ಎಂದರೆ, ಕೆಂಪು ಶಾಯಿಯ ಪೆನ್ನು ಹಿಡಿದೇ ಬದುಕಿದ ನಾನು, ಅದರ ಒಂದು ಅಕ್ಷರವನ್ನೂ ಮುಟ್ಟಲಾರೆ.

ನಿನ್ನೆ ನನ್ನ ಫೋಟೋ ಬಂತು. ಮಗಳಿಗೆ ಕಾಯದೆ ನಾನೇ ಸ್ಟೂಲು ಹತ್ತಿ ಆ ಎರಡನೆಯ ಮೊಳೆಗೆ ಹಾಕಿದೆ. ಕೆಳಗಿಳಿದು ದೂರ ನಿಂತು ನೋಡಿದೆ. ನನ್ನ ಮುಖವೇನು ಹೊಸದೇ? ಕಣ್ಣು ಪಕ್ಕಕ್ಕೇ ಹೋಯಿತು. ಸಾರು ಬಡಿಸಿಕೊಂಡು ಮುಸಿಮುಸಿ ನಗುತ್ತಿದ್ದರಲ್ಲ, ಆ ಮುಖ. ಗದ್ದದ ಕೆಳಗೊಂದು ಮಚ್ಚೆ ಇತ್ತು, ಹೌದಲ್ಲ, ಮರೆತೇಬಿಟ್ಟಿದ್ದೆ. ಮತ್ತೆ ಸ್ಟೂಲು ಹತ್ತಿ, ಧೂಳು ಒರೆಸಲೆಂದು ಅವರ ಹಾರ ತೆಗೆದೆ.

ಇನ್ನೂ ತಿರುಗಿ ಹಾಕಿಲ್ಲ.