ರೋಗ ಬರಲೆಂದು ಬಿತ್ತಿದ ಗೋಧಿ

ಗೋಧಿಗೆ ಬೂದಿ ರೋಗ ಬರಲಿ ಎಂದು ಕಾಯುವುದು ನನ್ನ ಕೆಲಸ. ತಪ್ಪು ತಿಳಿಯಬೇಡಿ, ವಿವರಿಸುತ್ತೇನೆ. ಎಲೆಗಳ ಮೇಲೆ ಬಿಳಿ ಪುಡಿಯಂತೆ ಹರಡುವ ಈ ರೋಗವನ್ನು ಕೆಲವು ತಳಿಗಳು ಹುಟ್ಟುಗುಣದಿಂದಲೇ ತಡೆಯುತ್ತವೆ. ಅವು ಯಾವುವೆಂದು ತಿಳಿಯಬೇಕಾದರೆ ಮೊದಲು ರೋಗ ಬರಬೇಕು. ಅದಕ್ಕೆಂದೇ, ಬೇಗ ರೋಗ ಹಿಡಿಯುವ ತಳಿಯನ್ನು ಪರೀಕ್ಷೆಯ ಸಾಲುಗಳ ಸುತ್ತಲೂ ಬಿತ್ತಿರುತ್ತೇವೆ.

ಮಾದಾಪುರದ ಹತ್ತಿರ ಸೋಮಣ್ಣ ಎಂಬವರು ಭತ್ತ ಕೊಯ್ದ ಗದ್ದೆಯನ್ನು ನಮ್ಮ ಪ್ರಯೋಗಕ್ಕೆ ಕೊಟ್ಟಿದ್ದರು. ಒಂದು ಬೆಳಿಗ್ಗೆ ಹೋದರೆ, ಅವರು ಬೆನ್ನಿಗೆ ಮದ್ದಿನ ಕ್ಯಾನ್ ಏರಿಸಿಕೊಂಡು ನಿಂತಿದ್ದಾರೆ. ಹೊಡೆದರೆ ಈ ವರ್ಷದ ಪ್ರಯೋಗವೇ ಹಾಳು.

"ಹೊಡೀಬೇಡಿ ಸೋಮಣ್ಣ, ರೋಗ ಬರ್ಲಿ ಅಂತಾನೇ ಬಿತ್ತಿರೋದು," ಎಂದೆ.

"ಅದು ನಿಮಗೆ ಗೊತ್ತು. ರಸ್ತೇಲಿ ಹೋಗೋರಿಗೆ ಗೊತ್ತಾ ಮೇಡಂ? ನಿನ್ನೆ ನನ್ನ ಭಾಮೈದ ಫೋನ್ ಮಾಡಿ, ಏನ್ ಭಾವ, ಗದ್ದೆಗೆ ಸುಣ್ಣ ಬಳಿಸಿದ್ದೀರಾ ಅಂತ ಕೇಳ್ದ."

ಹಾಗಾದರೆ ಏನು ಮಾಡಲಿ ಎಂದು ಕೇಳಿದೆ.

"ಇದು ನನ್ನ ಬೇಸಾಯ ಅಲ್ಲ ಅಂತ ಒಂದು ಬೋರ್ಡ್ ಹಾಕಿ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ," ಎಂದರು.

ಮಧ್ಯಾಹ್ನವೇ ನನ್ನ ಹೆಸರಿನ ಬೋರ್ಡ್ ನೆಟ್ಟೆ. ಅವರು ಕ್ಯಾನ್ ಇಳಿಸಿದರು. ರೋಗ ಚೆನ್ನಾಗಿ ಬಂತು. ಕೆಲವು ಸಾಲುಗಳು ಮಾತ್ರ ಹಸಿರಾಗಿಯೇ ಉಳಿದವು, ನನಗೆ ಬೇಕಾಗಿದ್ದೂ ಅವೇ.

ಈಗ ದಾರಿಹೋಕರು ನಿಂತು, ಯಾವ ಮದ್ದು ಹೊಡೆಯಬೇಕೆಂದು ನನಗೆ ಹೇಳಿಕೊಡುತ್ತಾರೆ. ಪಕ್ಕದಲ್ಲಿ ನಿಂತ ಸೋಮಣ್ಣ ಹೌದು ಹೌದು ಎಂದು ತಲೆಯಾಡಿಸುತ್ತಾರೆ.